ಆಗಸದ ಬಂಕಿನಲ್ಲಿ ಕಣ್ಣಿನ ಕೆಲಸ

ಹಾರುತ್ತಿರುವ ವಿಮಾನಕ್ಕೆ ಹಾರುತ್ತಿರುವ ಮತ್ತೊಂದು ವಿಮಾನದಿಂದ ಇಂಧನ ತುಂಬಿಸುವುದೆಂದರೆ ಮೇಲ್ನೋಟಕ್ಕೆ ಕೊಳವೆ, ಪಂಪುಗಳ ವಿಷಯವೆನಿಸುತ್ತದೆ. ಆದರೆ ಈ ವಿದ್ಯೆಯ ನೂರು ವರ್ಷಗಳ ಚರಿತ್ರೆಯನ್ನು ನೋಡಿದರೆ ನಿಜವಾದ ತೊಡಕಿರುವುದು ನೋಟದಲ್ಲಿ ಎಂಬುದು ಗೊತ್ತಾಗುತ್ತದೆ. ಎದುರಿನ ಕೊಳವೆಯ ಬಾಯಿ ಎಷ್ಟು ದೂರವಿದೆ, ಯಾವ ಕಡೆಗೆ ಓಲಾಡುತ್ತಿದೆ ಎಂದು ಕ್ಷಣಕ್ಷಣವೂ ಅಳೆಯಬಲ್ಲ ಕಣ್ಣು ಅಲ್ಲಿ ಬೇಕು. ಆ ಕಣ್ಣು ಮನುಷ್ಯನದೇ ಆಗಿರಬೇಕೆ ಎಂಬುದು ಇತ್ತೀಚಿನ ಪ್ರಶ್ನೆ.

1923ರ ಜೂನ್ 27ರಂದು ಅಮೆರಿಕದ ಸ್ಯಾನ್ ಡಿಯಾಗೊ ಬಳಿ ಈ ಸಾಹಸ ಮೊದಲು ನಡೆಯಿತು. ಮೇಲಿನ ವಿಮಾನದಿಂದ ಇಳಿಬಿಟ್ಟ ಕೊಳವೆಯನ್ನು ಕೆಳಗಿನ ವಿಮಾನದಲ್ಲಿದ್ದ ಜಾನ್ ರಿಕ್ಟರ್ ಕೈಯಿಂದಲೇ ಹಿಡಿದು ಜೋಡಿಸಿದರು. ಅದೇ ಆಗಸ್ಟಿನಲ್ಲಿ ಅವರು ಮತ್ತು ಪೈಲಟ್ ಲೋವೆಲ್ ಸ್ಮಿತ್ 37 ಗಂಟೆಗಳಿಗೂ ಹೆಚ್ಚು ಕಾಲ ನೆಲ ಮುಟ್ಟದೆ ಹಾರಿದರು. 1929ರ ಜನವರಿಯಲ್ಲಿ ‘ಕ್ವೆಶ್ಚನ್ ಮಾರ್ಕ್’ ಎಂಬ ವಿಮಾನ ಇದೇ ಉಪಾಯದಿಂದ 150 ಗಂಟೆಗಳನ್ನು ದಾಟಿತು.

ವೇಗ ಹೆಚ್ಚಿದಂತೆ ಕೈಯ ಕಾಲ ಮುಗಿಯಿತು. ಬ್ರಿಟನ್ನಿನಲ್ಲಿ ಅಲನ್ ಕಾಬಮ್ ಅವರ ಕಂಪನಿ 1949ರಲ್ಲಿ ಹೊಸ ದಾರಿ ತೋರಿಸಿತು. ಟ್ಯಾಂಕರ್ ವಿಮಾನದ ಹಿಂದೆ ಉದ್ದನೆಯ ಕೊಳವೆ, ಅದರ ತುದಿಯಲ್ಲಿ ಶಟಲ್ ಕಾಕ್ ಆಕಾರದ ಬುಟ್ಟಿ. ಇಂಧನ ಬೇಕಾದ ವಿಮಾನ ತನ್ನ ಮೂತಿಯ ಬಳಿಯಿರುವ ನಳಿಗೆಯನ್ನು ಆ ಬುಟ್ಟಿಯೊಳಗೆ ತೂರಿಸಬೇಕು. ಅಮೆರಿಕದ ಬೋಯಿಂಗ್ ಕಂಪನಿ ಬೇರೆ ದಾರಿ ಹಿಡಿಯಿತು. ಪುಟ್ಟ ರೆಕ್ಕೆಗಳುಳ್ಳ ಗಡುಸಾದ ಕೊಳವೆಯನ್ನು ಟ್ಯಾಂಕರಿನ ಬಾಲದಲ್ಲಿ ಮಲಗಿರುವ ಸಿಬ್ಬಂದಿ ಕಿಟಕಿಯಲ್ಲಿ ನೋಡುತ್ತ ಕೆಳಗಿನ ವಿಮಾನಕ್ಕೆ ಜೋಡಿಸುತ್ತಾನೆ. ಒಂದರಲ್ಲಿ ಕೆಲಸ ಪೈಲಟ್ಟಿನ ಕಣ್ಣಿನದು, ಇನ್ನೊಂದರಲ್ಲಿ ಆ ಸಿಬ್ಬಂದಿಯ ಕಣ್ಣಿನದು.

ಕಣ್ಣು ತಪ್ಪಿದರೆ ಏನಾದೀತು? 1966ರ ಜನವರಿ 17ರಂದು ಸ್ಪೇನಿನ ಪಲೊಮಾರೆಸ್ ಹಳ್ಳಿಯ ಮೇಲೆ ಬಿ-52 ಬಾಂಬರ್ ವಿಮಾನ ತನ್ನ ಟ್ಯಾಂಕರಿಗೆ ಬಡಿಯಿತು. ಏಳು ಮಂದಿ ಸತ್ತರು. ಬಾಂಬರಿನಲ್ಲಿದ್ದ ನಾಲ್ಕು ಜಲಜನಕ ಬಾಂಬುಗಳಲ್ಲಿ ಮೂರು ನೆಲಕ್ಕೆ, ಒಂದು ಸಮುದ್ರಕ್ಕೆ ಬಿದ್ದವು. ಪರಮಾಣು ಸ್ಫೋಟವಾಗದಿದ್ದರೂ ಎರಡು ಬಾಂಬುಗಳಿಂದ ಪ್ಲುಟೋನಿಯಂ ಹೊಲಗದ್ದೆಗಳ ಮೇಲೆ ಚೆಲ್ಲಿತು. ವಿಮಾನಗಳು ತೀರಾ ಹತ್ತಿರವಾದರೆ ‘ದೂರ ಸರಿಯಿರಿ’ ಎಂದು ಟ್ಯಾಂಕರಿನಿಂದ ಕೂಗಿ ಹೇಳುವ ಪದ್ಧತಿಯಿದೆ. ಅಂದು ಅಂಥ ಕೂಗು ಕೇಳಲಿಲ್ಲವೆಂದು ಬದುಕುಳಿದ ಬಾಂಬರ್ ಪೈಲಟ್ ಮುಂದೆ ವಿವರಿಸಿದರು.

ಇಂಥ ಕಣ್ಣಿನ ಕೆಲಸವನ್ನು ಕಂಪ್ಯೂಟರ್ ಹೇಗೆ ಮಾಡೀತು? ಕ್ಯಾಮೆರಾ ಕೊಡುವುದು ಚಪ್ಪಟೆ ಚಿತ್ರ. ದೂರವೆಂಬುದು ಅದರಲ್ಲಿ ನೇರವಾಗಿ ಇರುವುದಿಲ್ಲ. ಆದರೆ ಬುಟ್ಟಿಯ ನಿಜವಾದ ಅಗಲ ಗೊತ್ತಿದ್ದರೆ ಲೆಕ್ಕ ಹಾಕಬಹುದು. ಚಿತ್ರದಲ್ಲಿ ಅದರ ಅಳತೆ ಅರ್ಧವಾದರೆ ದೂರ ಇಮ್ಮಡಿಯಾಯಿತೆಂದು ಅರ್ಥ. ವೃತ್ತ ಮೊಟ್ಟೆಯಾಕಾರವಾಗಿ ಕಂಡರೆ ಅದು ಎಷ್ಟು ವಾಲಿದೆಯೆಂದು ತಿಳಿಯುತ್ತದೆ. ನಮ್ಮ ಎರಡು ಕಣ್ಣುಗಳಂತೆ ಎರಡು ಕ್ಯಾಮೆರಾಗಳನ್ನು ಅಂತರ ಬಿಟ್ಟು ಇಟ್ಟರೂ ದೂರ ಸಿಗುತ್ತದೆ. ಕಷ್ಟವಿರುವುದು ಮುಂದೆ. ಹತ್ತಿರ ಬರುವ ವಿಮಾನ ತನ್ನ ಮುಂದಿನ ಗಾಳಿಯನ್ನು ತಳ್ಳುವುದರಿಂದ ಬುಟ್ಟಿ ಪಕ್ಕಕ್ಕೆ ಸರಿಯುತ್ತದೆ. ಬುಟ್ಟಿಯ ಬೆನ್ನು ಹತ್ತಬೇಡಿ, ಟ್ಯಾಂಕರನ್ನು ನೋಡಿ ಹಾರಿರಿ ಎಂದು ಪೈಲಟ್ಟುಗಳಿಗೆ ಕಲಿಸುವುದು ಇದಕ್ಕೇ. ಹಾಗಾಗಿ ಬುಟ್ಟಿ ಈಗ ಎಲ್ಲಿದೆ ಎಂಬುದರ ಜೊತೆಗೆ ಮರುಕ್ಷಣ ಎಲ್ಲಿರುತ್ತದೆ ಎಂಬುದನ್ನೂ ಯಂತ್ರ ಊಹಿಸಬೇಕು.

2006ರ ಆಗಸ್ಟ್ 30ರಂದು ಅಮೆರಿಕದ ನಾಸಾ ಸಂಸ್ಥೆಯ ಎಫ್-18 ವಿಮಾನ, ಪೈಲಟ್ ಒಳಗೆ ಕುಳಿತಿದ್ದರೂ ಅವರ ನೆರವಿಲ್ಲದೆ, ಉಪಗ್ರಹ ಸಂಕೇತ ಮತ್ತು ಕ್ಯಾಮೆರಾ ಎರಡನ್ನೂ ಬಳಸಿ ಬುಟ್ಟಿಗೆ ತಾನೇ ಜೋಡಿಕೊಂಡಿತು. 2015ರ ಏಪ್ರಿಲ್ 22ರಂದು ಪೈಲಟ್ಟೇ ಇಲ್ಲದ ಎಕ್ಸ್-47ಬಿ ಹಾರಾಟದಲ್ಲೇ ಇಂಧನ ಪಡೆಯಿತು. ಗಡುಸು ಕೊಳವೆಯನ್ನೂ ಸ್ವಯಂಚಾಲಿತವಾಗಿ ಪೋರ್ಚುಗಲ್ಲಿನ ಎಫ್-16ಕ್ಕೆ ಜೋಡಿಸಿದ್ದಾಗಿ ಏರ್‌ಬಸ್ ಕಂಪನಿ 2020ರಲ್ಲಿ ಪ್ರಕಟಿಸಿತು. 2022ರಲ್ಲಿ ಇದಕ್ಕೆ ಮಾನ್ಯತೆ ದೊರೆತದ್ದು ಹಗಲು ಬಳಕೆಗೆ ಮಾತ್ರ.

ಹಗಲೇ ಏಕೆ ಮೊದಲು? ಕ್ಯಾಮೆರಾಕ್ಕೆ ಬೆಳಕೇ ಬಂಡವಾಳ, ಬೆಳಕೇ ಶತ್ರು. 2019ರಲ್ಲಿ ಅಮೆರಿಕದ ವಾಯುಪಡೆ ಸೇರಿದ ಕೆಸಿ-46 ಟ್ಯಾಂಕರಿನಲ್ಲಿ ಕಿಟಕಿಯ ಬದಲು ಕ್ಯಾಮೆರಾ ಮತ್ತು ಪರದೆಗಳಿದ್ದವು. ಬಿಸಿಲಿನ ಝಳ, ನೆರಳುಗಳಿಂದ ಪರದೆ ನೋಡುವ ಸಿಬ್ಬಂದಿಗೆ ದೂರದ ಅಂದಾಜು ತಪ್ಪಿ, ಕೊಳವೆ ಕೆಳಗಿನ ವಿಮಾನದ ಮೈಯನ್ನು ಉಜ್ಜಿದ ಪ್ರಸಂಗಗಳಾದವು. ಇಡೀ ವ್ಯವಸ್ಥೆಯನ್ನು ಹೊಸದಾಗಿ ರೂಪಿಸಲು 2020ರಲ್ಲಿ ಒಪ್ಪಂದವಾಯಿತು.

ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ತೇಜಸ್ 2018ರ ಸೆಪ್ಟೆಂಬರ್ 10ರಂದು 20,000 ಅಡಿ ಎತ್ತರದಲ್ಲಿ ಐಎಲ್-78 ಟ್ಯಾಂಕರಿನಿಂದ 1,900 ಕಿಲೋ ಇಂಧನ ಪಡೆದಾಗ ಬುಟ್ಟಿಗೆ ಗುರಿಯಿಟ್ಟದ್ದು ಪೈಲಟ್ಟಿನ ಕಣ್ಣೇ. ಪೈಲಟ್ ಇಲ್ಲದ ವಿಮಾನಗಳು ಹೆಚ್ಚಾದಂತೆ ಆ ಕೆಲಸ ಯಂತ್ರಕ್ಕೆ ಹೋಗದೆ ವಿಧಿಯಿಲ್ಲ. ಜೋಡಿಸಲು ಯಂತ್ರ ಕಲಿತಿದೆ. ತನ್ನ ನೋಟವನ್ನು ತಾನೇ ಅನುಮಾನಿಸಿ, ಬೇಡವೆನಿಸಿದ ಕ್ಷಣ ಹಿಂದೆ ಸರಿಯಲು ಅದು ಎಷ್ಟರಮಟ್ಟಿಗೆ ಕಲಿಯುತ್ತದೆ ಎಂಬುದರ ಮೇಲೆ ಅದರ ಮೇಲಿಡುವ ನಂಬಿಕೆ ನಿಂತಿದೆ. ಪಲೊಮಾರೆಸ್‌ನ ಆಗಸದಲ್ಲಿ ಅಂದು ಬೇಕಾಗಿದ್ದದ್ದು ಆ ಒಂದು ಕೂಗು.