ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ

ಜಪಾನಿ ಮನೆಮಾತಲ್ಲದವರು ಆ ಭಾಷೆಯನ್ನು ಎಷ್ಟು ಬಲ್ಲರೆಂದು ಅಳೆಯುವ ಪರೀಕ್ಷೆ. ಜಪಾನಿಯಲ್ಲಿ ನಿಹೊಂಗೊ ನೋರ್ಯೊಕು ಶಿಕೆನ್; ಕಲಿಯುವವರ ಬಾಯಲ್ಲಿ ಜೆಎಲ್‌ಪಿಟಿ. 1984ರಲ್ಲಿ ಸುಮಾರು 7,000 ಮಂದಿಯೊಂದಿಗೆ ಆರಂಭವಾಯಿತು. ಹೊರದೇಶಗಳಲ್ಲಿ ಇದರ ಹೊಣೆ ಜಪಾನ್ ಫೌಂಡೇಶನ್ನಿನದು. ಭಾರತದ ಕೇಂದ್ರಗಳಲ್ಲಿ ಬೆಂಗಳೂರೂ ಒಂದು.

ಮೊದಲು ಇದ್ದವು ನಾಲ್ಕು ಹಂತಗಳು. ನಾಲ್ಕನೆಯದು ಸುಲಭ, ಒಂದನೆಯದು ಕಠಿಣ. ಮೂರನೆಯದಕ್ಕೆ ಸುಮಾರು 300 ಕಾಂಜಿ (ಚೀನೀ ಮೂಲದ ಅಕ್ಷರ), 1,500 ಪದ ಸಾಕಿತ್ತು. ಎರಡನೆಯದಕ್ಕೆ 1,000 ಕಾಂಜಿ, 6,000 ಪದ ಬೇಕಿತ್ತು. ಈ ಕಂದಕ ದಾಟಲಾಗದೆ ವರ್ಷಗಟ್ಟಲೆ ನಿಂತವರು ಬಹಳ. 2010ರಲ್ಲಿ ಹಂತಗಳು ಎನ್-1ರಿಂದ ಎನ್-5ರವರೆಗೆ ಐದಾದದ್ದು ಮುಖ್ಯವಾಗಿ ಇದಕ್ಕಾಗಿ. ನಡುವೆ ಸೇರಿದ ಹೊಸ ಮೆಟ್ಟಿಲು ಎನ್-3. ‘ಎನ್’ ಅಕ್ಷರ ‘ಜಪಾನಿ ಭಾಷೆ’ ಎಂಬರ್ಥದ ‘ನಿಹೊಂಗೊ’ವನ್ನೂ ‘ಹೊಸತು’ ಎಂಬರ್ಥದ ಇಂಗ್ಲಿಷ್ ‘ನ್ಯೂ’ ಪದವನ್ನೂ ಸೂಚಿಸುತ್ತದೆ.

ಗೊಂದಲ ಹುಟ್ಟುವುದೂ ಇಲ್ಲಿಯೇ. ಹಳೆಯ ಮೂರನೆಯ ಹಂತಕ್ಕೆ ಸಮನಾದುದು ಎನ್-4, ಎನ್-3 ಅಲ್ಲ. 2009ರವರೆಗಿನ ಪ್ರಮಾಣಪತ್ರ ಓದುವಾಗ ಇದನ್ನು ಮರೆತರೆ ಅಭ್ಯರ್ಥಿಗೆ ಒಂದು ಹಂತ ಹೆಚ್ಚು ಕೊಟ್ಟಂತಾಗುತ್ತದೆ. ಎರಡನೆಯ ತಪ್ಪು ಇನ್ನೂ ವ್ಯಾಪಕ. ‘ಎನ್-3ರ ಅಧಿಕೃತ ಕಾಂಜಿ ಪಟ್ಟಿ’ ಎಂಬುದು ಇಲ್ಲವೇ ಇಲ್ಲ. 1994ರಲ್ಲಿ ಪ್ರಕಟವಾಗಿ 2002ರಲ್ಲಿ ಪರಿಷ್ಕೃತವಾದ ‘ಶುತ್ಸುದಾಯ್ ಕಿಜುನ್’ ಎಂಬ ಪ್ರಶ್ನೆ ಮಾನದಂಡದ ಪುಸ್ತಕದಲ್ಲಿ ಹಳೆಯ ಹಂತಗಳ ಪಟ್ಟಿಗಳಿದ್ದವು. ಹೊಸ ಪರೀಕ್ಷೆ ಅಂಥದ್ದನ್ನು ಪ್ರಕಟಿಸುವುದನ್ನೇ ಕೈಬಿಟ್ಟಿತು. ಉರುಹೊಡೆದ ಪದಗಳಿಗಿಂತ ಅವುಗಳಿಂದ ಕೆಲಸ ಸಾಧಿಸುವ ಶಕ್ತಿಯನ್ನು ಅಳೆಯಬೇಕೆಂಬುದು ಅದರ ನಿಲುವು. ಈಗ ಮಾರುಕಟ್ಟೆಯಲ್ಲಿರುವ ಪಟ್ಟಿಗಳೆಲ್ಲ ಪ್ರಕಾಶಕರ, ಅಧ್ಯಾಪಕರ ಅಂದಾಜುಗಳು.

ಅಂಕ ಕೊಡುವ ಬಗೆಯೂ ಬದಲಾಯಿತು. ಮೊದಲು 400ಕ್ಕೆ 240, ಒಂದನೆಯ ಹಂತದಲ್ಲಿ 280 ಬಂದರೆ ಉತ್ತೀರ್ಣ. ಈಗ ಒಟ್ಟು 180. ಎನ್-1ಕ್ಕೆ 100, ಎನ್-2ಕ್ಕೆ 90 ಬೇಕು. ಜೊತೆಗೆ ಪ್ರತಿ ವಿಭಾಗದಲ್ಲೂ ಕನಿಷ್ಠ ಅಂಕ ಕಡ್ಡಾಯ. ಓದಿನಲ್ಲಿ ಬಂದ ಹೆಚ್ಚಿನ ಅಂಕ ಆಲಿಸುವಿಕೆಯ ಕೊರತೆಯನ್ನು ಮುಚ್ಚದು. ಹಳೆಯ ಪದ್ಧತಿಗಿಂತ ಇದು ನ್ಯಾಯವಾದುದು.

ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಯತೊಡಗಿದ್ದು 2009ರಿಂದ. 2020ರ ಜುಲೈ ಪರೀಕ್ಷೆ ಕೊರೋನಾದಿಂದ ಎಲ್ಲೆಡೆ ರದ್ದಾಯಿತು. ಜಪಾನಿನ ವಿಶ್ವವಿದ್ಯಾಲಯ ಸೇರಬಯಸುವವರಿಗೆ ಇದರ ಬದಲು 2002ರಲ್ಲೇ ಬೇರೆ ಪರೀಕ್ಷೆ ಬಂದಿತ್ತು. ಆದರೆ 2019ರಲ್ಲಿ ನಿರ್ದಿಷ್ಟ ಕೌಶಲದ ಕೆಲಸಗಾರರಿಗೆ ಜಪಾನ್ ವೀಸಾ ತೆರೆದಾಗ ಭಾಷೆಯ ಪುರಾವೆಯಾಗಿ ಎನ್-4ನ್ನೂ ಒಪ್ಪಿತು. ಹೀಗೆ ಈ ಪರೀಕ್ಷೆ ದುಡಿಮೆಯ ದಾರಿಯೂ ಆಯಿತು. ಮಾತನಾಡುವ ಮತ್ತು ಬರೆಯುವ ಸಾಮರ್ಥ್ಯವನ್ನು ಇದು ಇಂದಿಗೂ ಪರೀಕ್ಷಿಸುವುದಿಲ್ಲ.