ಘುರ್ಯೆ ಮೇಷ್ಟ್ರ ವಿಭಾಗ ಮತ್ತು ಮುಂಬೈ ಕನ್ನಡಿಗರು

ದೇಶದ ಮೊದಲ ಸಮಾಜಶಾಸ್ತ್ರ ವಿಭಾಗ 1919ರಲ್ಲಿ ಬಾಂಬೆ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಅಂದಿಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲವೂ ಮುಂಬೈ ಪ್ರಾಂತದ ಊರುಗಳು. 1917ರಲ್ಲಿ ತೆರೆದ ಧಾರವಾಡದ ಕರ್ನಾಟಕ ಕಾಲೇಜಿನ ಹುಡುಗರು ಪದವಿ ಪಡೆಯುತ್ತಿದ್ದುದೂ ಇದೇ ವಿಶ್ವವಿದ್ಯಾಲಯದಿಂದ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವ ತನಕ ಉತ್ತರ ಕರ್ನಾಟಕದವರಿಗೆ ಉನ್ನತ ವ್ಯಾಸಂಗ ಎಂದರೆ ಮುಂಬೈ ಅಥವಾ ಪುಣೆಯ ರೈಲು ಹತ್ತುವುದೇ ಆಗಿತ್ತು. ಹಾಗಾಗಿ ಮುಂಬೈ ಕನ್ನಡಿಗರ ಈ ಸ್ಮರಣ ಸಂಚಿಕೆಯಲ್ಲಿ ಆ ವಿಭಾಗದ ಕಥೆಗೆ ಜಾಗ ಕೇಳಿದಾಗ ನನಗೆ ಯಾವ ಸಂಕೋಚವೂ ಆಗಲಿಲ್ಲ. ಅಲ್ಲಿ ಓದಿದವನಾಗಿ ನನಗೆ ಅದರ ಋಣವೂ ಇದೆ.

ಮೊದಲ ಮುಖ್ಯಸ್ಥರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್. ಮೂಲತಃ ಸಸ್ಯಶಾಸ್ತ್ರಜ್ಞರು, ಹೆಸರು ಮಾಡಿದ್ದು ನಗರ ಯೋಜನೆಯಲ್ಲಿ. ಊರಿನ ಓಣಿ, ಬಾವಿ, ಗುಡಿಗಳನ್ನು ನಡೆದು ನೋಡದೆ ಯಾರೂ ಆ ಊರಿನ ನಕ್ಷೆ ತಿದ್ದಬಾರದು ಎಂಬುದು ಅವರ ಹಟ. ಹಳೆಯ ಕೇರಿಗಳನ್ನು ಸಾರಾಸಗಟಾಗಿ ಕೆಡವುವುದನ್ನು ಅವರು ಉದ್ದಕ್ಕೂ ವಿರೋಧಿಸಿದರು. ಅವರು ಇಲ್ಲಿದ್ದದ್ದು ಕೆಲವೇ ವರ್ಷ. ಆದರೆ ಸಂಸ್ಕೃತ ಎಂ.ಎ. ಮಾಡಿದ್ದ, ಮಾಲ್ವಣದಲ್ಲಿ ಹುಟ್ಟಿದ ಒಬ್ಬ ತರುಣನನ್ನು ಗುರುತಿಸಿ ಇಂಗ್ಲೆಂಡಿಗೆ ಓದಲು ಕಳಿಸುವಂತೆ ಶಿಫಾರಸು ಮಾಡಿದ್ದು ಅವರೇ. ಆ ತರುಣ ಗೋವಿಂದ ಸದಾಶಿವ ಘುರ್ಯೆ.

ಘುರ್ಯೆ ಕೇಂಬ್ರಿಜ್ಜಿನಲ್ಲಿ ಮಾನವಶಾಸ್ತ್ರಜ್ಞ ಡಬ್ಲ್ಯು. ಎಚ್. ಆರ್. ರಿವರ್ಸ್ ಅವರ ಕೈಕೆಳಗೆ ಪಳಗಿ ಬಂದರು. 1924ರಲ್ಲಿ ವಿಭಾಗದ ಹೊಣೆ ಹೊತ್ತು, 1959ರಲ್ಲಿ ನಿವೃತ್ತರಾಗುವವರೆಗೆ ಅದನ್ನು ಬಿಡಲಿಲ್ಲ. ಅವರ ಮಾರ್ಗದರ್ಶನದಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಪಿಎಚ್.ಡಿ. ಮಾಡಿದರು. ಇರಾವತಿ ಕರ್ವೆ, ಎ. ಆರ್. ದೇಸಾಯಿ, ಐ. ಪಿ. ದೇಸಾಯಿ, ಕೆ. ಎಂ. ಕಾಪಡಿಯಾ, ನಮ್ಮವರೇ ಆದ ಎಂ. ಎನ್. ಶ್ರೀನಿವಾಸ್, ಎಂ. ಎಸ್. ಎ. ರಾವ್ ಎಲ್ಲರೂ ಒಂದಲ್ಲ ಒಂದು ಹೊತ್ತಿನಲ್ಲಿ ಅವರ ಮುಂದೆ ಕುಳಿತವರು. ಅವರ ಮುಂದಾಳತ್ವದಲ್ಲಿ 1951ರಲ್ಲಿ ಭಾರತೀಯ ಸಮಾಜಶಾಸ್ತ್ರ ಸಂಘ ಹುಟ್ಟಿತು, ಮರುವರ್ಷ ಅದರ ಪತ್ರಿಕೆಯೂ ಬಂತು. ಸ್ವಾತಂತ್ರ್ಯಾನಂತರ ದೇಶದ ಹಲವು ವಿಶ್ವವಿದ್ಯಾಲಯಗಳಲ್ಲಿ ಈ ವಿಷಯ ಕಲಿಸಿದ ಮೊದಲ ಮೇಷ್ಟ್ರುಗಳ ಬೇರು ಹುಡುಕಿದರೆ ಅದು ಈ ವಿಭಾಗಕ್ಕೆ ಬಂದು ಮುಟ್ಟುತ್ತದೆ.

ಘುರ್ಯೆಯವರ ಹೆಸರು ನಿಂತಿರುವುದು 1932ರ ಜಾತಿ ಮತ್ತು ಜನಾಂಗ ಕುರಿತ ಗ್ರಂಥದ ಮೇಲೆ. ಮೂಗಿನ ಅಗಲ, ತಲೆಯ ಉದ್ದ ಅಳೆದು ಜಾತಿಯ ಮೇಲು ಕೀಳನ್ನು ಜನಾಂಗದ ಲೆಕ್ಕಕ್ಕೆ ಜಮಾ ಮಾಡಿದ್ದ ಬ್ರಿಟಿಷ್ ಅಧಿಕಾರಿ ರಿಸ್ಲಿಯ ವಾದ ಆಗ ಜೋರಾಗಿತ್ತು. ಘುರ್ಯೆ ಅದೇ ಅಳತೆಗಳನ್ನು ಮತ್ತೆ ಹರಡಿಕೊಂಡು ಕುಳಿತರು. ಉತ್ತರದ ಹಿಂದೂಸ್ತಾನದ ಬಯಲಿನಲ್ಲಿ ಬಿಟ್ಟರೆ ಉಳಿದ ಕಡೆ ಈ ಹೊಂದಿಕೆ ನಿಲ್ಲುವುದಿಲ್ಲ ಎಂದು ತೋರಿಸಿದರು. ಆ ಕಾಲಕ್ಕೆ ಇದು ದೊಡ್ಡ ಧೈರ್ಯ. ಆದರೆ ಬುಡಕಟ್ಟು ಜನರನ್ನು ಹಿಂದುಳಿದ ಹಿಂದೂಗಳು ಎಂದ ಅವರ ನಿಲುವನ್ನು ನಾನು ಒಪ್ಪಲಾರೆ. ಇನ್ನೊಂದು ಮಾತನ್ನೂ ಹೇಳಲೇಬೇಕು. ಇದೇ ನಗರದಲ್ಲಿ, 1936ರಲ್ಲಿ, ಡಾ. ಅಂಬೇಡ್ಕರ್ ಜಾತಿವಿನಾಶದ ಪ್ರಬಂಧ ಪ್ರಕಟಿಸಿದರು. ಅದಕ್ಕೂ 20 ವರ್ಷ ಮುಂಚೆ ಕೊಲಂಬಿಯಾದಲ್ಲಿ ಜಾತಿಯ ಹುಟ್ಟಿನ ಬಗ್ಗೆ ಲೇಖನ ಓದಿದ್ದರು. ಅಷ್ಟಾಗಿಯೂ ನಮ್ಮ ದೇಶದ ಸಮಾಜಶಾಸ್ತ್ರದ ಪಠ್ಯಗಳಲ್ಲಿ ಅವರಿಗೆ ಬಹುಕಾಲ ಸಿಗಬೇಕಾದ ಜಾಗ ಸಿಗಲಿಲ್ಲ. ವಿಭಾಗದ ಚರಿತ್ರೆ ಬರೆಯುವವರು ಈ ಕೊರತೆಯನ್ನು ಮುಚ್ಚಿಟ್ಟು ಬರೆಯಬಾರದು.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎ. ಆರ್. ವಾಡಿಯಾ ಅವರ ಪ್ರಯತ್ನದಿಂದ 1920ರ ದಶಕದಲ್ಲೇ ಸಮಾಜಶಾಸ್ತ್ರ ಪದವಿ ತರಗತಿಗೆ ಬಂದಿತ್ತು. ಅಲ್ಲಿ ಸಾಮಾಜಿಕ ತತ್ವಶಾಸ್ತ್ರ ಓದಿದ ಶ್ರೀನಿವಾಸ್ 1936ರಲ್ಲಿ ಮುಂಬೈಗೆ ಬಂದರು. ಎಂ.ಎ. ಪ್ರಬಂಧಕ್ಕೆ ಅವರು ಆರಿಸಿಕೊಂಡದ್ದು ಮೈಸೂರು ಸೀಮೆಯ ಕನ್ನಡ ಜಾತಿಗಳ ಮದುವೆ ಮತ್ತು ಕುಟುಂಬ. ಅದು 1942ರಲ್ಲಿ ಪುಸ್ತಕವಾಯಿತು. ಆಮೇಲೆ ಘುರ್ಯೆ ಶ್ರೀನಿವಾಸರನ್ನು ಕೊಡಗಿಗೆ ಕಳಿಸಿದರು. ಒಕ್ಕ ಎಂಬ ಕುಲ, ಐನ್‌ಮನೆ ಎಂಬ ಮೂಲಮನೆ, ಪುತ್ತರಿ, ಕೈಲ್‌ಪೊಳ್ದ್ ಹಬ್ಬಗಳು, ಹುಟ್ಟು ಸಾವಿನ ಆಚರಣೆ ಎಲ್ಲವನ್ನೂ ಗುಡ್ಡೆ ಹಾಕಿ ಬರೆದ ಭಾರೀ ಪ್ರಬಂಧಕ್ಕೆ 1944ರಲ್ಲಿ ಪಿಎಚ್.ಡಿ. ಬಂತು. ಮುಂದೆ ಆಕ್ಸ್‌ಫರ್ಡ್‌ನಲ್ಲಿ ಮಾನವಶಾಸ್ತ್ರಜ್ಞ ರ್ಯಾಡ್‌ಕ್ಲಿಫ್ ಬ್ರೌನ್ ಅದೇ ಸಾಮಗ್ರಿಯನ್ನು ಹೊಸ ಚೌಕಟ್ಟಿನಲ್ಲಿ ನೋಡಲು ಹಚ್ಚಿದರು. 1952ರಲ್ಲಿ ಕೊಡವರ ಧರ್ಮ ಮತ್ತು ಸಮಾಜದ ಗ್ರಂಥ ಬಂತು, ಕೆಳಗಿನ ಜಾತಿಗಳು ಮೇಲಿನವರ ಆಚಾರ ಹಿಡಿದು ಮೇಲೇರಲು ನೋಡುವುದನ್ನು ಹೇಳುವ ಸಂಸ್ಕೃತೀಕರಣ ಎಂಬ ಪರಿಕಲ್ಪನೆ ಲೋಕಕ್ಕೆ ಪರಿಚಯವಾಯಿತು. ಹೊಗಳಿಕೆಯೆಲ್ಲ ಆಕ್ಸ್‌ಫರ್ಡ್‌ನ ಪಾಲಾಗುವುದು ನನಗೆ ಸರಿ ಕಾಣುವುದಿಲ್ಲ. ಚೌಕಟ್ಟು ಅಲ್ಲಿಯದು ನಿಜ, ಅದರೊಳಗೆ ತುಂಬಿದ ಸರಕು ಮುಂಬೈ ವಿಭಾಗದ ಒತ್ತಾಯದಿಂದ ಕೂಡಿಸಿದ್ದು.

1948ರಲ್ಲಿ ಶ್ರೀನಿವಾಸ್ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ವಾಸ ಮಾಡಿ, ಅದಕ್ಕೆ ರಾಮಪುರ ಎಂದು ಹೆಸರಿಟ್ಟು ಬರೆದರು. ಇಂದು ಪ್ರತಿ ಚುನಾವಣೆಯಲ್ಲಿ ಟಿ.ವಿ.ಯವರ ಬಾಯಲ್ಲಿ ಕೇಳುವ ವೋಟ್ ಬ್ಯಾಂಕ್ ಎಂಬ ಮಾತು ಆ ಹಳ್ಳಿಯ ಬಗ್ಗೆ ಅವರು 1955ರಲ್ಲಿ ಪ್ರಕಟಿಸಿದ ಲೇಖನದಿಂದ ಬಳಕೆಗೆ ಬಂತು. ಪ್ರಬಲ ಜಾತಿ ಎಂಬ ಪರಿಕಲ್ಪನೆಯನ್ನು ಬೆಳೆಸಿದ್ದೂ ಅದೇ ಊರಿನ ಜಮೀನು, ಜಗಳ, ಪಂಚಾಯ್ತಿಗಳನ್ನು ಮುಂದಿಟ್ಟುಕೊಂಡು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಅಧ್ಯಯನ ಕೊಠಡಿಗೆ ಬೆಂಕಿ ಬಿದ್ದು, ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ್ದ ಟಿಪ್ಪಣಿಗಳ ಪ್ರತಿಗಳು ಸುಟ್ಟುಹೋದವು. ಆ ಬಳಿಕ ನೆನಪಿನ ಬಲದ ಮೇಲೆ ಬರೆದ ಪುಸ್ತಕ 1976ರಲ್ಲಿ ಬಂತು. ಅಷ್ಟು ಸ್ಮರಣಶಕ್ತಿ ಎಲ್ಲರಿಗೂ ಇರುವುದಿಲ್ಲ, ಎಲ್ಲ ಸಮುದಾಯಕ್ಕೂ ಒಬ್ಬ ಶ್ರೀನಿವಾಸ್ ಸಿಗುವುದೂ ಇಲ್ಲ.

ವಿಭಾಗದಲ್ಲಿ ಸಂಶೋಧನೆ ಹೇಗೆ ಸಾಗುತ್ತದೆ ಎಂದು ನಮ್ಮವರು ಆಗಾಗ ಕೇಳುತ್ತಾರೆ. ರಿವರ್ಸ್ ರೂಪಿಸಿ, ಘುರ್ಯೆಯವರ ಮೂಲಕ ನಮಗೆ ಬಂದ ವಂಶಾವಳಿ ಪದ್ಧತಿಯನ್ನೇ ತೆಗೆದುಕೊಳ್ಳಿ. ಕುಂದಾಪುರದ ಕಡೆಯಿಂದ ಬಂದು ಮಾಟುಂಗಾದಲ್ಲಿ ಹೋಟೆಲು ನಡೆಸಿದ ಹಿರಿಯರೊಬ್ಬರ ಎದುರು ಕುಳಿತಿದ್ದೀರಿ ಎನ್ನೋಣ. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಮದುವೆಗೆ ಎರಡು ಗೆರೆ, ತೀರಿಕೊಂಡವರ ಗುರುತಿನ ಮೇಲೆ ಒಂದು ಓರೆ ಗೀಟು. ತಾಯಿ ಯಾರು, ತಾಯಿಯ ಅಣ್ಣತಮ್ಮಂದಿರು ಯಾರು, ಯಾರಿಗೆ ಯಾವ ಊರಿನಿಂದ ಹೆಣ್ಣು ತಂದರು, ಯಾರು ಯಾವ ವರ್ಷ ಊರು ಬಿಟ್ಟರು ಎಂದು ಒಂದೊಂದೇ ಕೇಳುತ್ತ ಹೋಗಬೇಕು. ಅವಸರ ಮಾಡಿದರೆ ಕೆಟ್ಟಿತು. ಅರ್ಧ ಗಂಟೆಗೆ ಕಾಗದ ತುಂಬುತ್ತದೆ, ಇನ್ನೊಂದನ್ನು ಅಂಟಿಸಬೇಕಾಗುತ್ತದೆ. ಮುಂಬೈಗೆ ಮೊದಲು ಕರೆತಂದವರು ಯಾರು ಎಂಬ ಪ್ರಶ್ನೆಗೆ ಕರಾವಳಿಯ ಎಷ್ಟೋ ಮನೆಗಳಲ್ಲಿ ಸೋದರಮಾವನ ಹೆಸರು ಕೇಳಿದ್ದೇನೆ. ಅಳಿಯಸಂತಾನ ಕಟ್ಟಿನ ಕುಟುಂಬಗಳಲ್ಲಿ ಮಾವ ಅಳಿಯರ ಸಂಬಂಧ ಆಸ್ತಿಯ ಸಂಬಂಧವೂ ಹೌದು. ಅದೇ ಎಳೆ ಹೋಟೆಲಿನ ಗಲ್ಲಾದವರೆಗೆ ಬಂದಿತೇ ಎಂಬುದು ಒಂದು ಒಳ್ಳೆಯ ಪಿಎಚ್.ಡಿ.ಗೆ ಸಾಲುವ ಪ್ರಶ್ನೆ.

ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಓದಿದ ಹುಡುಗರದೂ ಇಂಥದೇ ವಿಷಯ. ಅವರಲ್ಲಿ ಯಾರು ಬ್ಯಾಂಕು ಸೇರಿದರು, ಯಾರು ವಕೀಲರಾದರು, ಯಾರು ಅಲ್ಲೇ ಉಳಿದರು, ಆ ವ್ಯತ್ಯಾಸಕ್ಕೆ ಜಾತಿ, ಊರು, ಸಂಬಂಧಿಕರ ಆಸರೆ ಎಷ್ಟರ ಮಟ್ಟಿಗೆ ಕಾರಣ? ಸನ್ಮಾನದ ಭಾಷಣಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ದಾಖಲಾತಿ ರಿಜಿಸ್ಟರುಗಳಲ್ಲಿ ಸಿಗುತ್ತದೆ. ಘುರ್ಯೆಯವರ ಬಳಿ ಇದಕ್ಕೊಂದು ಮಾದರಿ ಇತ್ತು. ಪುಣೆ ಜಿಲ್ಲೆಯ ಲೋಣಿಕಂದ ಎಂಬ ಹಳ್ಳಿಯ ಬಗ್ಗೆ 1819ರ ಹೊತ್ತಿಗೆ ಬ್ರಿಟಿಷ್ ವೈದ್ಯ ಥಾಮಸ್ ಕೋಟ್ಸ್ ಬರೆದಿಟ್ಟಿದ್ದ ವರದಿ ಉಳಿದಿದ್ದರಿಂದಲೇ, ನೂರಿಪ್ಪತ್ತೈದು ವರ್ಷದ ಮೇಲೆ ಅದೇ ಊರಿಗೆ ಹೋಗಿ ಏನು ಬದಲಾಯಿತು, ಏನು ಉಳಿಯಿತು ಎಂದು ಅವರು ಹೋಲಿಸಿ ಬರೆಯಲು ಸಾಧ್ಯವಾಯಿತು. ಆ ಪುಸ್ತಕ ಬಂದದ್ದು 1960ರಲ್ಲಿ.

ಸಂಘ ಸಂಸ್ಥೆಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಕಚೇರಿ ನವೀಕರಣದ ಗಡಿಬಿಡಿಯಲ್ಲಿ ಹಳೆಯ ನಡಾವಳಿ ಪುಸ್ತಕ, ಸದಸ್ಯರ ಪಟ್ಟಿ, ಚಂದಾ ರಸೀದಿ, ರಾತ್ರಿ ಶಾಲೆಯ ಹಾಜರಿ ಪುಸ್ತಕಗಳನ್ನು ರದ್ದಿಯವನಿಗೆ ಹಾಕಬೇಡಿ. ಒದ್ದೆಯಾಗದ ಜಾಗದಲ್ಲಿಡಿ, ಸಾಧ್ಯವಾದರೆ ಸ್ಕ್ಯಾನ್ ಮಾಡಿಸಿ. ಸಮಾಜಶಾಸ್ತ್ರ ವಿಭಾಗವೂ ಕನ್ನಡ ವಿಭಾಗವೂ ಇಂದು ಸಾಂತಾಕ್ರೂಜಿನ ಕಲೀನಾ ಆವರಣದಲ್ಲೇ ಇವೆ. ಅಲ್ಲಿಂದ ಯಾವುದೇ ವಿದ್ಯಾರ್ಥಿ ನೋಟ್‌ಬುಕ್ ಹಿಡಿದು ಬಂದರೆ ಬಾಗಿಲಲ್ಲಿ ನಿಲ್ಲಿಸದೆ ಕಪಾಟು ತೆರೆದು ತೋರಿಸಿ. ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಈ ವರ್ಷವೇ ಅವರ ಮಾತನ್ನು ಫೋನಿನಲ್ಲಾದರೂ ರೆಕಾರ್ಡ್ ಮಾಡಿ, ದಿನಾಂಕ ಬರೆದಿಡಿ.