ಬ್ರಾಹ್ಮಿ ಮತ್ತು ಒಂದೆಲಗ: ಒಂದು ನಾಮವಿಚಾರ

ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯು ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣದ ಸುತ್ತಣ ನಾಡಿಗೆ ಸೇರಿದ ಗ್ರಾಮ. ಕನ್ನಡ ವೈದ್ಯವಾಙ್ಮಯದ ಆರಂಭಕಾಲಕ್ಕೂ ಈ ನಾಡಿನ ರಾಜವಂಶಕ್ಕೂ ನಿಕಟವಾದ ಸಂಬಂಧವುಂಟು. ಆರನೆಯ ವಿಕ್ರಮಾದಿತ್ಯನ ಸಹೋದರನಾದ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿದನು. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಿಸಿದನು. ಇಂತಹ ಗ್ರಂಥಗಳನ್ನು ಸಂಪಾದಿಸುವವರಿಗೂ ಪಾಠ ಹೇಳುವವರಿಗೂ ಮೊದಲು ಎದುರಾಗುವ ತೊಡಕು ಮೂಲಿಕೆಗಳ ಹೆಸರಿನದು. ಸ್ಮರಣಶಕ್ತಿಯನ್ನು ಕಾಪಾಡುವುದೆಂದು ಪ್ರಸಿದ್ಧವಾದ ‘ಬ್ರಾಹ್ಮಿ’ಯು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಕನ್ನಡನಾಡಿನಲ್ಲಿ ಈ ಒಂದು ಹೆಸರು ಎರಡು ಸಸ್ಯಗಳಿಗೆ ಸಲ್ಲುತ್ತದೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ತಂಬುಳಿಗೆ ಬಳಸುವ ಒಂದೆಲಗವನ್ನು ಅನೇಕರು ಬ್ರಾಹ್ಮಿಯೆಂದೇ ಕರೆಯುತ್ತಾರೆ. ಅದರ ಎಲೆ ದುಂಡಗೆ, ಅಗಲವಾಗಿದ್ದು ಉದ್ದವಾದ ತೊಟ್ಟಿನ ಮೇಲೆ ಒಂಟಿಯಾಗಿ ನಿಲ್ಲುವುದು. ಕುಲದಿಂದ ಅದು ಕೊತ್ತಂಬರಿಯ ಬಳಗ. ನೀರುಬ್ರಾಹ್ಮಿಯಾದರೋ ಜೌಗುನೆಲದಲ್ಲಿ ಹಬ್ಬುವ ಬೇರೆ ಕುಲದ ಸಸ್ಯ. ಅದರ ಎಲೆಗಳು ಕಿರಿದಾಗಿ, ದಪ್ಪವಾಗಿ, ಎದುರುಬದುರಾಗಿ ಹುಟ್ಟುವುವು.

ಪ್ರಾಚೀನರು ಇವೆರಡನ್ನೂ ಒಂದೆಂದು ಭಾವಿಸಿದ್ದಂತೆ ತೋರುವುದಿಲ್ಲ. ಚರಕಸಂಹಿತೆಯು ಮೇಧ್ಯರಸಾಯನಗಳೆಂದು ಹೇಳುವ ನಾಲ್ಕು ದ್ರವ್ಯಗಳು ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ, ಶಂಖಪುಷ್ಪಿ. ಆ ಪಟ್ಟಿಯಲ್ಲಿ ಬ್ರಾಹ್ಮಿಯಿಲ್ಲ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ 28ನೆಯ ಅಧ್ಯಾಯದಲ್ಲಿ ಮಂಡೂಕಪರ್ಣಿಗೂ ಬ್ರಾಹ್ಮಿಗೂ ಪ್ರತ್ಯೇಕವಾದ ವಿಧಿಗಳಿವೆ. ಮಂಡೂಕಪರ್ಣಿಯೆಂದರೆ ಒಂದೆಲಗವೆಂದೂ ಬ್ರಾಹ್ಮಿಯೆಂದರೆ ನೀರುಬ್ರಾಹ್ಮಿಯೆಂದೂ ಇಂದಿನ ವಿದ್ವಾಂಸರಲ್ಲಿ ಬಹುಮಂದಿ ಒಪ್ಪುತ್ತಾರೆ.

ಆಧುನಿಕ ಪ್ರಯೋಗಗಳೂ ಈ ಎರಡು ದಾರಿಗಳಲ್ಲಿಯೇ ನಡೆದಿವೆ. 1982ರಲ್ಲಿ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಸಿಂಗ್ ಮತ್ತು ಧವನ್ ಅವರು ನೀರುಬ್ರಾಹ್ಮಿಯ ಸಾರವು ಇಲಿಗಳ ಕಲಿಕೆಗೆ ನೆರವಾದುದನ್ನು ಪ್ರಕಟಿಸಿದರು. ಆ ಸಸ್ಯದ ಮುಖ್ಯ ದ್ರವ್ಯಗಳು ಬೇಕೊಸೈಡ್‌ಗಳು. ಒಂದೆಲಗದವು ಏಷ್ಯಾಟಿಕೋಸೈಡ್ ಮೊದಲಾದವು. ಕರ್ಣಾಟಕದ ಮಣಿಪಾಲದಲ್ಲಿ ಎರಡೂ ಪರೀಕ್ಷೆಗೆ ಒಳಗಾದುವು. 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಳೆಯ ಇಲಿಮರಿಗಳಿಗೆ ದೇಹದ ಕಿಲೋಗ್ರಾಂ ತೂಕಕ್ಕೆ 2, 4, 6 ಮಿಲಿಲೀಟರ್ ಪ್ರಮಾಣಗಳಲ್ಲಿ ಒಂದೆಲಗದ ಹಸಿರೆಲೆಯ ರಸವನ್ನು 2, 4, 6 ವಾರಗಳ ಕಾಲ ಕುಡಿಸಿದರು. ಹೆಚ್ಚಿನ ಪ್ರಮಾಣವನ್ನು ಹೆಚ್ಚು ಕಾಲ ಪಡೆದ ಮರಿಗಳ ಮೆದುಳಿನ ಅಮಿಗ್ಡಲಭಾಗದಲ್ಲಿ ನರಕೋಶಗಳ ಕವಲುಗಳು ಹೆಚ್ಚಾಗಿದ್ದುವು. 2011ರಲ್ಲಿ ಬೆಳೆದ ಇಲಿಗಳಲ್ಲಿ ನೀರುಬ್ರಾಹ್ಮಿಯಿಂದಲೂ ಇಂತಹುದೇ ಫಲವು ವರದಿಯಾಯಿತು.

ಫಲವು ಹೋಲುವುದಾದ ಮಾತ್ರಕ್ಕೆ ಸಸ್ಯಗಳು ಒಂದೇ ಆಗಲಾರವು. ಒಂದರ ಪ್ರಯೋಗವನ್ನು ಇನ್ನೊಂದಕ್ಕೆ ಸಾಕ್ಷ್ಯವಾಗಿ ತರುವುದು ಅಯುಕ್ತ. ಇಡಿಯ ರಸದಿಂದಾದ ಫಲವನ್ನು ಅದರೊಳಗಣ ಒಂದು ದ್ರವ್ಯಕ್ಕೆ ಆರೋಪಿಸುವುದೂ, ಇಲಿಗಳಲ್ಲಿ ಕಂಡುದನ್ನು ಮನುಷ್ಯರಲ್ಲಿ ಸಿದ್ಧವಾಯಿತೆಂದು ಹೇಳುವುದೂ ಅದರಂತೆಯೇ ದುಡುಕು. ಗೋವೈದ್ಯದಲ್ಲಿ ಪ್ರಾಣಿಯೇ ರೋಗಿ. ಈ ಪ್ರಯೋಗಗಳಲ್ಲಿ ಪ್ರಾಣಿಯು ಮನುಷ್ಯನ ಪರವಾಗಿ ನುಡಿಯುವ ಸಾಕ್ಷಿ ಮಾತ್ರ.

ಆದುದರಿಂದ ಹಳೆಯ ವೈದ್ಯಗ್ರಂಥಗಳಿಗೆ ಅರ್ಥಕೋಶವನ್ನು ಸಿದ್ಧಪಡಿಸುವವರು ‘ಬ್ರಾಹ್ಮಿ’ಯೆಂದು ಕಂಡಲ್ಲೆಲ್ಲ ‘ಒಂದೆಲಗ’ವೆಂದು ಬರೆಯದೆ, ಗ್ರಂಥದ ದೇಶಕಾಲಗಳನ್ನೂ ಅದು ಹೇಳುವ ಲಕ್ಷಣಗಳನ್ನೂ ಜೊತೆಯಲ್ಲಿ ಬರುವ ಪರ್ಯಾಯನಾಮಗಳನ್ನೂ ನೋಡಿ ನಿರ್ಣಯಿಸಬೇಕು. ಅರ್ಥಕೋಶದಲ್ಲಿ ನುಸುಳಿದ ತಪ್ಪು ಪುಸ್ತಕದಲ್ಲಿಯೇ ಉಳಿಯುವುದಿಲ್ಲ; ಅದು ಪ್ರಯೋಗಶಾಲೆಗೂ ಅಲ್ಲಿಂದ ಔಷಧದ ಅಂಗಡಿಗೂ ನಡೆದುಹೋಗುತ್ತದೆ.